ಹದಿನಾಲ್ಕನೇ ಕಾರ್ಯಕ್ರಮ

ಹೋದ ತಿಂಗಳು ಗರಾಜು ಖಾಲಿ ಮಾಡುತ್ತಿದ್ದಾಗ ಹಳೆಯ ಸ್ಟೀಲ್ ಡಬ್ಬಿಯೊಂದರಲ್ಲಿ ಒಂದು ಹಾಳೆ ಸಿಕ್ಕಿತು. ಯುಗಾದಿಯ ಕಾರ್ಯಕ್ರಮ ಪಟ್ಟಿ. ಸಾರಿನಪುಡಿಯ ಡಬ್ಬಿಯಾದ್ದರಿಂದ ಹಾಳೆಗೆ ಇಷ್ಟು ವರ್ಷದ ಮೇಲೂ ಕೊತ್ತಂಬರಿ ಬೀಜದ ವಾಸನೆ. ಅಕ್ಷರ ನನ್ನದೇ. ಆಗ ಈ ಅಮೆರಿಕದಲ್ಲಿ ಕನ್ನಡದ ಟೈಪ್‌ರೈಟರ್ ಎಲ್ಲಿಂದ ಬರಬೇಕು? ಮೈಸೂರಿನ ಮೇಷ್ಟ್ರು ದುಂಡಗೆ ಬರೆಯಲು ಕಲಿಸಿದ್ದ ತಪ್ಪಿಗೆ ಆ ಕೆಲಸ ಪ್ರತಿವರ್ಷ ನನ್ನ ತಲೆಗೇ ಬೀಳುತ್ತಿತ್ತು. ಒಂದನೆಯದು ಪ್ರಾರ್ಥನೆ, ಹದಿನೈದನೆಯದು ವಂದನಾರ್ಪಣೆ. ಹದಿನಾಲ್ಕನೆಯದರ ಮೇಲೆ ನೀಲಿ ಪೆನ್ನಿನಲ್ಲಿ ಎರಡು ಸಲ ಎಳೆದ ಗೆರೆ. ಅದನ್ನು ಎಳೆದವಳೂ ನಾನೇ.

ಗೆರೆಯಡಿಯ ಹೆಸರು ಈಗಲೂ ಓದಲು ಬರುತ್ತದೆ. ಅದನ್ನಿಲ್ಲಿ ಬರೆಯುವುದಿಲ್ಲ. ಹೊಡೆದುಹಾಕಿದ ಕೈಗೆ ಮತ್ತೆ ಬರೆಯುವ ಯೋಗ್ಯತೆ ಇದೆಯೆಂದು ನನಗೆ ಅನ್ನಿಸುವುದಿಲ್ಲ. ಮಹಡಿ ಮನೆಯವರು ಎನ್ನುತ್ತೇನೆ. ನಮ್ಮ ಮನೆಯಲ್ಲಿ ಆಗಲೂ ಹಾಗೇ ಕರೆಯುತ್ತಿದ್ದೆವು.

ಎಂಬತ್ತರ ದಶಕದ ಕೊನೆಯ ಮಾತು. ಯೂನಿಯನ್ ಸಿಟಿಯ ಒಂದು ಅಪಾರ್ಟ್‌ಮೆಂಟು. ಕೆಳಗೆ ನಾನು, ನಮ್ಮವರು, ನಾಲ್ಕು ವರ್ಷದ ಮಗಳು. ಮೇಲೆ ಅವರೊಬ್ಬರೇ. ಐವತ್ತರ ಆಸುಪಾಸು, ನರೆತ ಕೂದಲನ್ನು ಗಂಡಸರ ಹಾಗೆ ಮೋಟಾಗಿ ಕತ್ತರಿಸಿಕೊಂಡಿದ್ದರು. ಎರಡು ತಿಂಗಳಾದರೂ ನಾನು ಮುಖ ಕೊಟ್ಟು ಮಾತಾಡಿರಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ... ಒಂದು ದಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಕ್ಕೇಬಿಟ್ಟೆವು. ಅವರು ಹಿಂದುಮುಂದಿಲ್ಲದೆ ಇಂಗ್ಲಿಷಿನಲ್ಲಿ ಕೇಳಿದರು, "ಮಧ್ಯಾಹ್ನ ಹಾಡ್ತಿರ್ತೀರಲ್ಲ, ನನ್ನ ಹೆಜ್ಜೆ ಸದ್ದು ಕೇಳಿದ ಕೂಡ್ಲೇ ಯಾಕೆ ನಿಲ್ಲಿಸಿಬಿಡ್ತೀರಿ?"

ನಾಚಿಕೆಯಾಯಿತು. ಮಗಳನ್ನು ಮಲಗಿಸಲು ನನ್ನಜ್ಜಿ ಹೇಳುತ್ತಿದ್ದ ಜೋಗುಳವೊಂದನ್ನು ಹೇಳುತ್ತಿದ್ದೆ, ಅಷ್ಟೆ. ಸಂಗೀತ ಗಿಂಗೀತ ಕಲಿತವಳಲ್ಲ. ಮೇಲಿನವರಿಗೆ ಕೇಳಿಸೀತೆಂದು ಸದ್ದಾದೊಡನೆ ಬಾಯಿ ಮುಚ್ಚುತ್ತಿದ್ದೆ. ಅವರು ನಕ್ಕು, ಇನ್ನುಮೇಲೆ ಕುರ್ಚಿ ಬಿಟ್ಟು ಏಳುವುದಿಲ್ಲವೆಂದು ಮಾತು ಕೊಟ್ಟರು.

ಆಮೇಲೆ ನನಗೆ ಅರ್ಧ ದಿನದ ಕೆಲಸ ಸಿಕ್ಕಿತು. ಮಗಳನ್ನು ಡೇಕೇರಿಗೆ ಬಿಡುವುದು ಬೇಡ, ನನ್ನ ಹತ್ತಿರ ಬಿಡಿ ಎಂದರು. ಬದಲಿಗೆ ಕೇಳಿದ್ದು ಸಾರು ಅನ್ನ. ನಮ್ಮಿಂದ ಕಲಿತ ಒಂದೇ ಕನ್ನಡ ಮಾತು "ಊಟ ಆಯ್ತಾ?" ಬೆಳಿಗ್ಗೆ ಆರಕ್ಕೆ ಸಿಕ್ಕರೂ ಅದೇ, ಪೋಸ್ಟ್‌ಮ್ಯಾನ್ ಬಂದರೂ ಅದೇ.

ಅವರ ಕಥೆ ನನಗೆ ತಿಳಿದದ್ದು ತುಣುಕು ತುಣುಕಾಗಿ. ಕೆನಡಾದಲ್ಲಿ ಫ್ರೆಂಚ್ ಆಡುವ ಸೀಮೆಯ, ಕಾಗದದ ಕಾರ್ಖಾನೆಯ ಊರಿನವರು. ಇಪ್ಪತ್ತರ ವಯಸ್ಸಿಗೇ ತಮ್ಮ ಹಾಡು ತಾವೇ ಕಟ್ಟಿ, ಗಿಟಾರು ಹಿಡಿದು, ಸಣ್ಣ ಸಣ್ಣ ಕಾಫಿ ಅಂಗಡಿಗಳಲ್ಲಿ ಹಾಡುತ್ತಿದ್ದರಂತೆ. ಎರಡು ರೆಕಾರ್ಡುಗಳು ಬಂದವು. ಒಂದು ಹಾಡು ಇಡೀ ಚಳಿಗಾಲ ರೇಡಿಯೋದಲ್ಲಿ ಬಂದು, ಬ್ರೆಡ್ ಅಂಗಡಿಯವನು ಕೂಡ ಗುರುತು ಹಿಡಿಯುವ ಹಾಗಾಯಿತು. ಒಬ್ಬ ಅಮೆರಿಕದವನನ್ನು ಮದುವೆಯಾಗಿ ಇಲ್ಲಿಗೆ ಬಂದರು. ಇಲ್ಲಿ ಎಲ್ಲರೂ ಹೇಳಿದ್ದು ಒಂದೇ, ಇಂಗ್ಲಿಷಿನಲ್ಲಿ ಹಾಡು. "ಇಂಗ್ಲಿಷಿನಲ್ಲಿ ನಾನು ತರಕಾರಿ ಕೊಳ್ಳಬಲ್ಲೆ, ಅಳೋಕೆ ಆಗಲ್ಲ" ಎನ್ನುತ್ತಿದ್ದರು. ಗಂಡ ಬಿಟ್ಟುಹೋದ. ಶುಕ್ರವಾರ, ಶನಿವಾರ ಲಾಸ್ ಗ್ಯಾಟೋಸಿನ ಒಂದು ರೆಸ್ಟೋರೆಂಟಿನಲ್ಲಿ ಮೇಜುಗಳ ನಡುವೆ ನಿಂತು ಹಾಡುವುದು ಉಳಿಯಿತು. ಆದರೂ ಹೊಸ ಹಾಡು ಕಟ್ಟುವುದನ್ನು ಬಿಟ್ಟಿರಲಿಲ್ಲ. ಗ್ರೋಸರಿಯ ಕಂದು ಕಾಗದದ ಚೀಲಗಳನ್ನು ಬಿಚ್ಚಿ, ಒಳಮೈಯಲ್ಲಿ ಬರೆಯುತ್ತಿದ್ದರು.

ಆ ವರ್ಷ ನಾನೇ ಉಬ್ಬಿಹೋಗಿ, ನಮ್ಮ ಯುಗಾದಿಗೆ ನೀವೂ ಹಾಡಬೇಕು ಎಂದೆ. ನಲವತ್ತು ಕನ್ನಡ ಮನೆಗಳ ಪುಟ್ಟ ಗುಂಪು ನಮ್ಮದು. ಅವರು ಕೇಳಿದರು, "ಜನ ಕೂತು ಕೇಳ್ತಾರಾ? ತಿನ್ನುತ್ತಾ ಅಲ್ಲ ತಾನೆ?"

"ಕಾರ್ಯಕ್ರಮ ಮುಗಿಯೋವರೆಗೂ ನಮ್ಮಲ್ಲಿ ಊಟಕ್ಕೆ ಯಾರೂ ಏಳಲ್ಲ" ಎಂದು ಆಣೆ ಮಾಡಿದ ಹಾಗೆ ಹೇಳಿದೆ.

ಕೂತು ಕೇಳುವ ಜನರೆದುರು ಹಾಡಿ ಹನ್ನೊಂದು ವರ್ಷವಾಗಿತ್ತಂತೆ. ನನ್ನ ಜೋಗುಳದ ಧಾಟಿಯಲ್ಲೇ ಒಂದು ಹೊಸ ಫ್ರೆಂಚ್ ಹಾಡು ಕಟ್ಟಿದರು. ಪರಭಾಷೆಯ ನಾಡಿನಲ್ಲಿ ತಮ್ಮ ಭಾಷೆ ಹಿಡಿದುಕೊಂಡು ಕೂತವರಿಗೆ ತನ್ನ ಪಾಡು ಅರ್ಥವಾಗುತ್ತದೆ ಎಂದು ಅವರ ನಂಬಿಕೆ. ಅರ್ಥ ಕೇಳಿದರೆ, "ಅವತ್ತೇ ಹೇಳ್ತೀನಿ" ಎಂದರು. ದಿನವೂ ಮಹಡಿಯಿಂದ ನನ್ನಜ್ಜಿಯ ರಾಗ ಇಳಿದು ಬರುತ್ತಿತ್ತು.

ಹಬ್ಬದ ದಿನ ಒಂದು ಸ್ಕೂಲಿನ ಸಭಾಂಗಣದಲ್ಲಿ ಸೇರಿದೆವು. ಅವರು ಇಸ್ತ್ರಿ ಮಾಡಿದ ಕಡುನೀಲಿ ಗೌನು ತೊಟ್ಟು, ಗಿಟಾರಿನ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು, ಎರಡನೇ ಸಾಲಿನಲ್ಲಿ ಕೂತಿದ್ದರು. ನಿರೂಪಣೆ ನನ್ನದು. ಅಧ್ಯಕ್ಷರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದರು.

"ಇವರನ್ನ ಲಾಸ್ ಗ್ಯಾಟೋಸಿನಲ್ಲಿ ನೋಡಿದೀನಿ ಕಣ್ರೀ. ಕುಡಿಯೋರ ಮಧ್ಯೆ ಹಾಡ್ತಾರೆ. ನಿಮಗೆ ಹೇಗ್ರೀ ಪರಿಚಯ?"

ಸ್ನೇಹಿತೆ ಎನ್ನಬಹುದಿತ್ತು. ದೊಡ್ಡ ಗಾಯಕಿ ಎನ್ನಬಹುದಿತ್ತು. "ಅಯ್ಯೋ, ಏನಿಲ್ಲ... ನಮ್ಮ ಮಗೂನ ನೋಡ್ಕೊಳ್ತಾರೆ, ಬೇಬಿಸಿಟ್ಟರು" ಎಂದೆ. ನಾಲ್ಕು ಜನ ಏನಂದುಕೊಳ್ಳುತ್ತಾರೋ ಎಂಬ ಭಯ. ಆ ನಾಲ್ವರು ಯಾರೆಂದು ಇವತ್ತು ಕೇಳಿದರೆ ನನಗೆ ನೆನಪಿಲ್ಲ.

ಮುಖ್ಯ ಅತಿಥಿಗಳ ಭಾಷಣ ಎಳೆಯಿತು, ನಾಟಕ ಇನ್ನೂ ಎಳೆಯಿತು. ಹದಿಮೂರು ಮುಗಿಯುವ ಹೊತ್ತಿಗೆ ಅಧ್ಯಕ್ಷರು ಬಂದು ಕಿವಿಯಲ್ಲಿ ಹೇಳಿದರು, "ನೋಡಮ್ಮ, ಬಿಸಿಬೇಳೆಬಾತು ಗಟ್ಟಿಯಾಗ್ತಿದೆ. ಆ ಇಂಗ್ಲಿಷ್ ಹಾಡು ಬಿಟ್ಟು ವಂದನಾರ್ಪಣೆಗೆ ಹೋಗ್ಬಿಡು."

ಅದು ಇಂಗ್ಲಿಷ್ ಹಾಡಲ್ಲ ಎಂದಾದರೂ ಹೇಳಬೇಡವೇ? ಪೆನ್ನು ತೆಗೆದು ಗೆರೆ ಎಳೆದೆ. ಸರಿಯಾಗಿ ಕಾಣಲಿಲ್ಲವೆಂದು ಮತ್ತೊಮ್ಮೆ ಎಳೆದೆ.

ನಮ್ಮ ವಂದನಾರ್ಪಣೆ ಎಂದರೆ ಗೊತ್ತಲ್ಲ, ಕುರ್ಚಿ ಜೋಡಿಸಿದವರಿಂದ ಹಿಡಿದು ಹಪ್ಪಳ ಕರಿದವರವರೆಗೆ ಒಬ್ಬರ ಹೆಸರೂ ಬಿಡುವ ಹಾಗಿಲ್ಲ. ಮನಸ್ಸು ಚುಚ್ಚುತ್ತಿತ್ತು. ಹೆಸರಾದರೂ ಹೇಳೋಣವೆಂದು, ಮಕ್ಕಳನ್ನು ನೋಡಿಕೊಂಡವರ ಸಾಲಿನಲ್ಲಿ ಅವರ ಹೆಸರನ್ನೂ ಸೇರಿಸಿ ಓದಿಬಿಟ್ಟೆ. ಜನ ಚಪ್ಪಾಳೆ ತಟ್ಟಿದರು.

ಎರಡು ಗಂಟೆಯಿಂದ ಒಂದಕ್ಷರ ಅರ್ಥವಾಗದೆ ಕೂತಿದ್ದ ಅವರಿಗೆ ತಿಳಿದದ್ದು ಆ ಹೆಸರೊಂದೇ. ಕರೆದರು ಎಂದುಕೊಂಡರು. ಗಿಟಾರು ತೆಗೆದು, ಗೌನು ಸರಿಮಾಡಿಕೊಂಡು, ಮೆಟ್ಟಿಲು ಹತ್ತಿ ಬಂದೇಬಿಟ್ಟರು. ನಾನು ಕೊನೆಯ ಹೆಸರು ಓದಿದ್ದೆ. ಜನ ಎದ್ದಿದ್ದರು. ಕುರ್ಚಿ ಎಳೆಯುವ ಸದ್ದು, ಪೇಪರ್ ಪ್ಲೇಟಿಗೆ ಕ್ಯೂ. ಅವರು ಒಂದು ತಂತಿ ಮೀಟಿ, ಸಭೆಯನ್ನು ನೋಡಿ, ನನ್ನನ್ನು ನೋಡಿದರು.

ಮೈಕು ನನ್ನ ಕೈಯಲ್ಲೇ ಇತ್ತು! ದಯವಿಟ್ಟು ಐದು ನಿಮಿಷ ಕೂತುಕೊಳ್ಳಿ ಎಂದಿದ್ದರೆ ಕೂರುತ್ತಿದ್ದರು, ನಮ್ಮ ಜನ ಅಷ್ಟೇನೂ ಕೆಟ್ಟವರಲ್ಲ. ನಾನು ಮಾಡಿದ್ದೇನು? ಅತಿಥಿಗಳಿಗೆಂದು ಇಟ್ಟಿದ್ದ ತೆಂಗಿನಕಾಯಿಗಳಲ್ಲಿ ಒಂದು ಮಿಕ್ಕಿತ್ತು, ಅದನ್ನು ಅವರ ಕೈಗಿಟ್ಟು ನಮಸ್ಕಾರ ಮಾಡಿದೆ. ಒಂದು ಕೈಯಲ್ಲಿ ಗಿಟಾರು, ಇನ್ನೊಂದರಲ್ಲಿ ಕಾಯಿ. ಖಾಲಿ ಕುರ್ಚಿಗಳಿಗೆ ತಲೆಬಾಗಿ ಇಳಿದು ಹೋದರು.

ವಾಪಸು ಬರುವಾಗ ಕಾರಿನಲ್ಲಿ ಮಗಳು ಅವರ ತೊಡೆಯ ಮೇಲೆ ಮಲಗಿದ್ದಳು. ಮನೆ ಹತ್ತಿರ ಬಂದಾಗ ಅವರೇ ಮೆಲ್ಲಗೆ ಕೇಳಿದರು, "ಊಟ ಆಯ್ತಾ?"

ಅದಾದ ಮೇಲೂ ಮಗಳನ್ನು ನೋಡಿಕೊಂಡರು, ಅವಳಿಗೆ ಹಾಡಿದರು. ನಾನು ಕ್ಷಮೆ ಕೇಳಲಿಲ್ಲ. ನಾಳೆ ಕೇಳೋಣ, ನಾಡಿದ್ದು ಕೇಳೋಣ... ಹಾಡಿನ ಅರ್ಥ ಕೇಳುವ ಮುಖವೂ ಇರಲಿಲ್ಲ. ಮರುವರ್ಷ ತಾಯಿಗೆ ಹುಷಾರಿಲ್ಲವೆಂದು ಊರಿಗೆ ಹೊರಟುಹೋದರು. ಕೆಲವು ವರ್ಷ ಹೊಸವರ್ಷಕ್ಕೆ ಕಾರ್ಡು ಬರುತ್ತಿತ್ತು. ಒಳಗೆ ಇಂಗ್ಲಿಷ್ ಅಕ್ಷರದಲ್ಲಿ ಊಟ ಆಯ್ತಾ ಅಂತ. ನಾನು ಶುಭಾಶಯ ಬರೆದು ಕಳಿಸುತ್ತಿದ್ದೆ, ಅಷ್ಟೇ.

ಹಾಳೆ ಸಿಕ್ಕ ವಾರ ಲಿವರ್‌ಮೋರಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಮಧ್ಯಾಹ್ನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹಾಡುತ್ತಿದ್ದಳು. ನನ್ನಜ್ಜಿಯ ರಾಗ, ಫ್ರೆಂಚ್ ಮಾತು. ಬಾಯಿಪಾಠ ಬಂದಿದ್ದ ಹಾಡು, ಕಾಲೇಜಿನಲ್ಲಿ ಫ್ರೆಂಚ್ ಓದಿದ ಮೇಲೆ ಅರ್ಥವಾಯಿತಂತೆ. ಏನೇ ಅದರ ಅರ್ಥ ಎಂದೆ.

"ಅಮ್ಮಾ, ಇಟ್ಸ್ ಅಬೌಟ್ ಯೂ! ನಿಂಗೆ ಗೊತ್ತು ಅಂದ್ಕೊಂಡಿದ್ದೆ" ಎಂದು ಸಾಲು ಸಾಲಾಗಿ ಹೇಳಿದಳು. ಕೆಳಮನೆಯವಳು ಮಗುವಿಗೆ ಹಾಡುತ್ತಾಳೆ. ನನ್ನ ಹೆಜ್ಜೆ ಕೇಳಿ ನಿಲ್ಲಿಸುತ್ತಾಳೆ. ಕೆಳಮನೆಯವಳೇ, ನಿಲ್ಲಿಸಬೇಡ, ನಾನು ಅಲುಗದೆ ಕೂತಿದ್ದೇನೆ, ನಾನು ಕೇಳುತ್ತಿದ್ದೇನೆ.

ಮಗಳು ಫೋನಿನಲ್ಲಿ ಹುಡುಕಿಯೂ ಇದ್ದಳು. ಅವರು ತಮ್ಮ ಊರಿನಲ್ಲೇ ತೀರಿಕೊಂಡು ಎಂಟು ವರ್ಷವಾಯಿತಂತೆ. ಹಳೆಯ ಎರಡು ರೆಕಾರ್ಡು ಸಿಗುತ್ತವೆ, ಈ ಹಾಡು ಅವುಗಳಲ್ಲಿಲ್ಲ.

ನಾನು ಅಳುವುದನ್ನು ಕಂಡು ಅವಳು ಹಾಡು ನಿಲ್ಲಿಸಿದಳು.

"ನಿಲ್ಲಿಸ್ಬೇಡ ಕಣೇ" ಎಂದೆ. "ಕೂತಿದೀನಿ. ಕೇಳ್ತಿದೀನಿ."