ಕುಡಚಿಯ ಮೋಟರ್ ಏಳದ ಮಧ್ಯಾಹ್ನ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಯಂತ್ರ ಸುಮ್ಮಸುಮ್ಮನೆ ಏನನ್ನೂ ಮಾಡುವುದಿಲ್ಲ, ಹುಡುಕಿದರೆ ಕಾರಣ ಸಿಕ್ಕೇ ಸಿಗುತ್ತದೆ ಎಂಬುದು ನನ್ನ ನಂಬಿಕೆಯಷ್ಟೇ ಅಲ್ಲ, ಹೊಟ್ಟೆಪಾಡು ಕೂಡ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಆಗ ನಾನು ಚಿಕ್ಕೋಡಿಯಲ್ಲಿ ಒಂದು ಬಾಡಿಗೆ ಖೋಲಿಯಲ್ಲಿದ್ದೆ. ಅವ್ವ ತೀರಿಕೊಂಡ ವರ್ಷ ಅದು. ಕುಡಚಿಯ ಹತ್ತಿರ ಕೃಷ್ಣೆಯ ದಂಡೆಗೆ ಕಬ್ಬಿನ ರೈತರು ಸೇರಿ ಹಾಕಿಸಿದ್ದ ಪಂಪಿಗೆ ನಾನೇ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಕರೆಂಟ್ ಬಂದ ಕೂಡಲೇ ಅದು ಮೋಟರನ್ನು ತಾನೇ ಚಾಲೂ ಮಾಡುತ್ತಿತ್ತು. ಪಂಪ್‌ಹೌಸ್ ನೋಡಿಕೊಳ್ಳುತ್ತಿದ್ದವರು ದಸ್ತಗೀರ್ ಚಾಚಾ. ಎಷ್ಟೋ ದಿನ ನನ್ನ ಕಿವಿಗೆ ಬೀಳುತ್ತಿದ್ದ ಮನುಷ್ಯರ ದನಿ ಅವರದೊಂದೇ. "ಬೇಟಿ, ಉಂಡಿಯಿಲ್ಲೋ?" ಎಂದು ಕೇಳದೆ ಫೋನ್ ಇಡುತ್ತಿರಲಿಲ್ಲ.

ಪ್ರೋಗ್ರಾಮಿನಲ್ಲಿ ಒಂದು ದೋಷ ಉಳಿದಿತ್ತು. ಅದನ್ನು ಖೋಲಿಯಿಂದಲೇ ಹುಡುಕಲು ಪಂಪ್‌ಹೌಸಿನ, ಬ್ಯಾಟರಿ ಮೇಲೆ ಓಡುವ ಕಂಪ್ಯೂಟರಿನಲ್ಲಿ ಡಿಬಗ್ ಸರ್ವರ್ ಇಟ್ಟಿದ್ದೆ. ಅದಕ್ಕೆ ಸೇರಿಕೊಂಡವರು ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ತಡೆದು ನಿಲ್ಲಿಸಬಹುದು. ಆದರೆ ಅದಕ್ಕೆ ತನ್ನದೇ ಬೀಗವಿಲ್ಲ. ನೆಟ್‌ವರ್ಕಿಗೆ ತೆರೆದಿಟ್ಟರೆ ಹಾದಿಹೋಕರೂ ಒಳಗೆ ಬರಬಹುದು. ಹಾಗಾಗಿ ಆ ಕಂಪ್ಯೂಟರಿನ ಒಳಗಿನ ಮಾತನ್ನಷ್ಟೇ ಅದು ಕೇಳುವಂತೆ ಮಾಡಿ, ಹೊರಗಿನಿಂದ ಒಂದೇ ಒಂದು ಗುಪ್ತ ದಾರಿ ಇಟ್ಟಿದ್ದೆ. ಆ ದಾರಿಯ ಕೀಲಿ ಇದ್ದದ್ದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ.

ಆ ಮಧ್ಯಾಹ್ನ ಕೆಲಸದ ನಡುವೆ ಇಂಟರ್ನೆಟ್ ಹೋಯಿತು. ಸಂಪರ್ಕ ಕಡಿದರೂ ಪ್ರೋಗ್ರಾಂ ತನ್ನ ಪಾಡಿಗೆ ಓಡುತ್ತಿರುತ್ತದೆ, ಚಿಂತೆಯಿರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಕಿಟಕಿಯ ಬಳಿ ಕೂತೆ. ಇಂಟರ್ನೆಟ್ ಮರಳಿದ ಮೇಲೆ ನೋಡಿದರೆ ಪ್ರೋಗ್ರಾಂ ನಿಂತಿತ್ತು. ಮೋಟರ್ ಚಾಲೂ ಮಾಡುವ ಸಾಲಿಗೇ ಸರಿಯಾಗಿ ತಡೆ ಬಿದ್ದಿತ್ತು. ಅದು ನಾನು ಹಾಕಿದ್ದಲ್ಲ.

ಯಾರೋ ನುಗ್ಗಿದ್ದಾರೆ ಎಂದುಕೊಂಡೆ. ಚಾಚಾಗೆ ಫೋನ್ ಹಚ್ಚಿದೆ. ನಾನು ಕೇಳುವ ಮೊದಲೇ ಅವರು ಹೇಳಿದರು:

"ಬೇಟಿ, ಕರೆಂಟ್ ಸಂಜೀಕ ಬರತೈತಿ ಅಂತ ಮೇನ್ ಸ್ವಿಚ್ ತಗೀಲಾರದ ಕೈ ಹಾಕಿದ್ನಿ. ಮೋಟರಿನ ಸಂದ್ಯಾಗ ಒರಸೋ ಅರಬಿ ಸಿಕ್ಕೊಂಡಿತ್ತ. ಕೈ ಒಳಗ ಇದ್ದಾಗನ ದೀಪಾ ಹತ್ತಿತ ನೋಡ. ಆದರ ಮೋಟರ್ ಏಳಲಿಲ್ಲ. ನೀ ನಿಲ್ಲಿಸಿದಿ, ನನ್ನ ಕೈ ಉಳೀತ."

"ಮೊದ್ಲ ಮೇನ್ ತಗೀರಿ ಚಾಚಾ!" ಎಂದೆ. ಅವರು ತೆಗೆದ ಸದ್ದು ಕೇಳಿದ ಮೇಲೆ ಹೇಳಿದೆ: "ನಾ ನಿಲ್ಲಿಸಿಲ್ಲರಿ. ನನಗ ಗೊತ್ತ ಇರಲಿಲ್ಲ."

ಚಾಚಾ ಮೆಲ್ಲಗೆ ಕೇಳಿದರು, "ಹಂಗಾರ ಅಲ್ಲಿ ಯಾರ ಇದ್ರವ್ವಾ?"

ಆ ಪ್ರಶ್ನೆ ಹಿಡಿದುಕೊಂಡು ನಾನು ಒಂದು ವಾರ ಹುಡುಕಿದೆ. ಒಳಗೆ ಬಂದವರ ದಾಖಲೆಯಲ್ಲಿ ನನ್ನ ಹೊರತು ಯಾರೂ ಇರಲಿಲ್ಲ, ನಾನೂ ಆ ಹೊತ್ತಿಗೆ ಇರಲಿಲ್ಲ. ಕೀಲಿಯಿಲ್ಲದೆ ಹೊರಗಿನಿಂದ ಸೇರಿಕೊಳ್ಳಲು ನೋಡಿದೆ, ಆಗಲಿಲ್ಲ. ಪ್ರೋಗ್ರಾಮಿನ ದೋಷವೂ ಸಿಕ್ಕಿತು. ಅದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಇಂಟರ್ನೆಟ್ ಕಡಿದು, ಕರೆಂಟ್ ತೆಗೆಸಿ ಕೊಡಿಸಿ, ಅದೇ ಸ್ಥಿತಿಯನ್ನು ಮತ್ತೆ ಮತ್ತೆ ಹುಟ್ಟಿಸಿದೆ. ಪ್ರತಿ ಸಲವೂ ಮೋಟರ್ ಎದ್ದಿತು.

ಕೀಲಿ ಬದಲಿಸುವಾಗ ಮನಸ್ಸಿಗೆ ಬಂದದ್ದನ್ನು ಇಲ್ಲಿ ಹೇಳಲೇಬೇಕು. ಬೀಗ ಭದ್ರವಾಗಿದ್ದದ್ದಕ್ಕೆ ನನಗೆ ಖುಷಿಯಾಗಲಿಲ್ಲ. ಕಳ್ಳನೊಬ್ಬ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿತು. ಅಲ್ಲಿ ಒಬ್ಬರು ಇದ್ದರು ಎಂದಾದರೂ ತಿಳಿಯುತ್ತಿತ್ತು.