ಅತ್ತೆ ಕಾವಿಗೆ ಕೂರಿಸಿದ ಕೋಳಿ

ಅತ್ತೆಯ ಜೊತೆ ನಾನು ಮೊದಲ ಸಲ ಬಸ್ಸು ಹತ್ತಿದ್ದು ಕೋಳಿ ತರಲು. ದುದ್ದದ ಪಕ್ಕದ ಊರಿಗೆ ಸೊಸೆಯಾಗಿ ಬಂದು ಆಗ ನನಗೆ ಎರಡು ತಿಂಗಳು. ತೊಂಬತ್ತರ ದಶಕದ ನಡುವಿನ ಮಾತು. ಹಿರೀಸಾವೆಯಲ್ಲಿ ಇಳಿದು ಹೊಲಗಳ ನಡುವೆ ಸ್ವಲ್ಪ ದೂರ ನಡೆದರೆ, ತೆಂಗಿನ ತೋಟದೊಳಗೆ ಒಬ್ಬರು ಸಣ್ಣದಾಗಿ ಕೋಳಿ ಫಾರಂ ಇಟ್ಟಿದ್ದರು. ಹೆಂಚಿನ ಒಂದು ಕೊಟ್ಟಿಗೆ, ಅದರೊಳಗೆ ಮರಿಗಳಿಗೆಂದು ಬಲ್ಬು ಉರಿಯುವ ಪೆಟ್ಟಿಗೆ, ಅಷ್ಟೆ.

ಮರಿಗಳನ್ನು ಅತ್ತೆ ಕೈಗೆ ಸಿಕ್ಕಿದಂತೆ ತೆಗೆದುಕೊಂಡರು. ಹ್ಯಾಟೆಗಳನ್ನು, ಅಂದರೆ ಇನ್ನೂ ಮೊಟ್ಟೆಗೆ ಬಾರದ ಎಳೆ ಹೆಣ್ಣುಕೋಳಿಗಳನ್ನು ಮಾತ್ರ, ಹೆಣ್ಣು ನೋಡಲು ಬಂದವರಂತೆ ಆರಿಸಿದರು.

“ಇವಳು ಸೋಮಾರಿ ಕಣಪ್ಪ, ಬ್ಯಾಡ. ಅಗೋ, ಅಲ್ಲಿ ತಿಪ್ಪೆ ಕೆರೀತಾವ್ಳಲ್ಲ, ಅವಳನ್ನ ಹಿಡಿ.”

“ಸೊಸೇನೂ ಹಿಂಗೇ ಆರಿಸ್ಕಂಡ್ರಾ ಅವ್ವಾ?” ಎಂದರು ಫಾರಮ್ಮಿನವರು.

“ಊಂ. ಆದ್ರೆ ಇವಳು ಕೆರೆಯಾದು ಕಮ್ಮಿ, ಅಳಾದು ಜಾಸ್ತಿ.”

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಕೊಣನೂರಿನ ತವರು ನೆನೆದು ದಿನವೂ ಹಿತ್ತಲಲ್ಲಿ ಅಳುತ್ತಿದ್ದೆ. ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ.

ಬಸ್ಸಿನಲ್ಲಿ ಕುಕ್ಕೆಯೊಳಗಿನ ಹ್ಯಾಟೆಗಳು ನನ್ನ ಕಾಲ ಬಳಿ, ಮರಿಗಳು ಅತ್ತೆಯ ಮಡಿಲಲ್ಲಿ. ಮನೆಗೆ ಬಂದೊಡನೆ ಅತ್ತೆ ಒಂದೊಂದೇ ಹ್ಯಾಟೆಯನ್ನು ಎತ್ತಿಕೊಂಡು ಒರಳುಕಲ್ಲಿನ ಸುತ್ತ ಮೂರು ಸುತ್ತು ಬಂದು ಕೆಳಗೆ ಬಿಟ್ಟರು. ಹಾಗೆ ಮಾಡಿದರೆ ಹೊಸ ಕೋಳಿ ಮನೆ ಬಿಟ್ಟು ಹೋಗುವುದಿಲ್ಲವಂತೆ.

“ನಿನ್ನನ್ನೂ ಮೂರು ಸುತ್ತು ಸುತ್ತಿಸ್ಬೇಕಾಗಿತ್ತು, ಮರ್ತೇಬುಟ್ಟೆ ಕಣವ್ವ,” ಎಂದರು. ನಾನು ನಕ್ಕೆ. ಆಮೇಲೆ ಅವರೇ, “ಬರೋ ವಾರ ಓಗಿ ನಿಮ್ಮವ್ವನ್ನ ನೋಡ್ಕಂಡ್ ಬಾ,” ಎಂದರು.

ಎಂಟು ವರ್ಷ ಹಾಗೆಯೇ ಜೊತೆಯಲ್ಲಿ ಹಿರೀಸಾವೆಗೆ ಹೋಗಿ ಬಂದೆವು.

ಅತ್ತೆ ತೀರಿಕೊಂಡದ್ದು ಇದ್ದಕ್ಕಿದ್ದಂತೆ. ಅದಕ್ಕೆ ಎರಡು ದಿನ ಮುಂಚೆ ಕಂದು ಬಣ್ಣದ ನಾಟಿಕೋಳಿಯ ಕೆಳಗೆ ಹನ್ನೊಂದು ಮೊಟ್ಟೆ ಇಟ್ಟು ಕಾವಿಗೆ ಕೂರಿಸಿದ್ದರು. ಅವರು ಶುರುಮಾಡಿ ಮುಗಿಸದೆ ಹೋದ ಕೆಲಸ ಅದೊಂದೇ. ಮನೆ ತುಂಬ ನೆಂಟರಿದ್ದ ಆ ದಿನಗಳಲ್ಲೂ ನಾನು ಕೋಳಿಗೆ ಕಾಳು ನೀರು ಇಡುವುದು ತಪ್ಪಿಸಲಿಲ್ಲ. ಅದು ಮರಿ ಮಾಡಲೇಬೇಕು ಅನ್ನುವ ಹಟ ನನ್ನೊಳಗೆ ಕೂತಿತ್ತು.

ಹನ್ನೊಂದನೆಯ ದಿನ ಸೂತಕ ಕಳೆಯಲೆಂದು ಮನೆಯನ್ನೆಲ್ಲ ತೊಳೆದೆವು. ನಾನು ನೀರು ಹೊತ್ತು ಬರುವಷ್ಟರಲ್ಲಿ ಅತ್ತೆಯ ತಂಗಿ ಕೋಳಿಯನ್ನು ಎಬ್ಬಿಸಿ, ಹನ್ನೊಂದು ಮೊಟ್ಟೆಯನ್ನೂ ಅರಿಶಿನದ ನೀರಿನಲ್ಲಿ ತೊಳೆದು ಮೊರದ ಮೇಲೆ ಆರಹಾಕಿದ್ದರು.

“ಏನ್ ಚಿಕ್ಕತ್ತೆ ಇದು!”

“ಉಟ್ಟೋ ಮರಿಗೆ ಸೂತಕ ಅಂಟಬಾರ್ದಲ್ಲವ್ವ.”

ಅಕ್ಕನನ್ನು ನೆನೆದು ಅಳುತ್ತಳುತ್ತಲೇ ತೊಳೆದಿದ್ದರು. ನೀರು ಬಿದ್ದು ತಣ್ಣಗಾದ ಮೊಟ್ಟೆ ಮರಿಯಾಗುವುದು ಅನುಮಾನವೆಂದು ಗೊತ್ತಿದ್ದರೂ ಬೈಯಲಿಲ್ಲ.

ಮೊಟ್ಟೆಗಳನ್ನು ಒರೆಸಿ ಮತ್ತೆ ಕೋಳಿಯ ಕೆಳಗಿಟ್ಟೆ. ಇಪ್ಪತ್ತೊಂದು ದಿನ ತುಂಬಿತು. ಮೇಲೆ ನಾಲ್ಕು ದಿನವೂ ಆಯಿತು. ಕಿವಿಗೆ ಹಿಡಿದರೆ ಒಂದರಲ್ಲೂ ಸದ್ದಿಲ್ಲ. ಕೋಳಿ ಮಾತ್ರ ಏಳಲೊಲ್ಲದು. ಜುಟ್ಟು ಬಿಳಿಚಿತ್ತು, ಎದೆಮೂಳೆ ಕೈಗೆ ಸಿಗುತ್ತಿತ್ತು. ಹೀಗೇ ಬಿಟ್ಟರೆ ಕೂತಲ್ಲೇ ಸಾಯುತ್ತದೆ ಅನ್ನಿಸಿ, ಮಾರನೆಯ ದಿನ ಒಬ್ಬಳೇ ಹಿರೀಸಾವೆಯ ಬಸ್ಸು ಹತ್ತಿದೆ.

“ಅವ್ವಾರು ಬರ್ನಿಲ್ವಾ?” ಎಂದರು ಫಾರಮ್ಮಿನವರು.

ಹೇಳಿದೆ. ಅವರು ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಕೈಯಲ್ಲಿ ಹಿಡಿದರು. ಕಾವಿಗೆ ಕೂತ ಕೋಳಿಯ ಕಥೆ ಕೇಳಿದ ಮೇಲೆ, ಹಿಂದಿನ ದಿನವಷ್ಟೇ ಹುಟ್ಟಿದ ಹನ್ನೊಂದು ಮರಿ ತೆಗೆದು ನನ್ನ ಮಡಿಲಿಗೆ ಹಾಕಿದರು.

“ಬೆಳಕಲ್ಲಿ ಬಿಡ್ಬ್ಯಾಡ ಕಣವ್ವ, ಕುಕ್ಕಿ ಸಾಯಿಸ್ಬುಡ್ತದೆ. ಕತ್ಲಾದ ಮ್ಯಾಲೆ ಒಂದು ಮೊಟ್ಟೆ ತಗೀ, ಒಂದು ಮರಿ ಮಡಗು. ನಂಗೆ ಇದ್ನ ಏಳ್ಕೊಟ್ಟೋರೇ ನಿಮ್ಮತ್ತೆ.”

ದೀಪ ಹಚ್ಚುವ ಹೊತ್ತು ಕಳೆಯಲಿ ಎಂದು ಕಾದೆ. ಮೊದಲ ಮೊಟ್ಟೆಗೆ ಕೈ ಹಾಕಿದಾಗ ಕೋಳಿ ನನ್ನ ಮಣಿಕಟ್ಟನ್ನು ರಕ್ತ ಬರುವಂತೆ ಕುಕ್ಕಿತು. ಕೈ ತೆಗೆಯಲಿಲ್ಲ. ಒಂದು ಮೊಟ್ಟೆ ಈಚೆಗೆ, ಒಂದು ಮರಿ ಒಳಕ್ಕೆ. ಮಡಿಲಲ್ಲಿ ಚಿಂವ್‌ಗುಟ್ಟುತ್ತಿದ್ದ ಮರಿಗಳು ಕೋಳಿಯ ಕೆಳಗೆ ಹೋದೊಡನೆ ಒಂದೊಂದಾಗಿ ಸುಮ್ಮನಾದವು. ಹನ್ನೊಂದೂ ಮುಗಿದ ಮೇಲೆ ಕೋಳಿ ಮೈ ಅಗಲಿಸಿ, ಗಂಟಲೊಳಗೇ ಮೆಲ್ಲಗೆ ‘ಕ್ಲೊಕ್ ಕ್ಲೊಕ್’ ಎಂದಿತು. ಅದು ಮರಿಗಳನ್ನು ಕರೆಯುವ ದನಿ. ಅತ್ತೆ ಹೋದ ಮೇಲೆ ಅಲ್ಲಿಯವರೆಗೆ ನಾನು ಜನರ ನಡುವೆಯೇ ಅತ್ತಿದ್ದೆ. ಅವತ್ತು ಗೂಡಿನ ಮುಂದೆ ಕೂತು ಒಬ್ಬಳೇ ಅತ್ತೆ.

ಬೆಳಿಗ್ಗೆ ನೋಡಿದರೆ ಒಂದು ಮರಿ ಕೋಳಿಯ ಬೆನ್ನೇರಿ ನಿಂತಿತ್ತು.

ಅದೇ ವಾರ ಕೊಣನೂರಿನಿಂದ ಅಣ್ಣ ನನ್ನನ್ನು ಕರೆದೊಯ್ಯಲು ಬಂದ.

“ನಡಿಯವ್ವ, ಎಂಟು ದಿನ ಇದ್ದು ಬರೀವಂತೆ. ಅವ್ವ ಕಾಯ್ತಾ ಅವ್ಳೆ.”

“ಮರಿ ಇನ್ನೂ ಎಳೇವು ಕಣಣ್ಣ. ರೆಕ್ಕೆ ಬಲೀಲಿ, ಬತ್ತೀನಿ.”

ಅವನು ಕಾಫಿ ಕುಡಿದು ಒಬ್ಬನೇ ಹೊರಟ. ನಾನು ಒರಳುಕಲ್ಲಿನ ಪಕ್ಕ ಕೂತು ಮರಿಗಳಿಗೆ ನುಚ್ಚು ಹಾಕಿದೆ.