ಬಂಡೆಯ ಮೇಲಿನ ಟೆಂಟ್

ಮೊದಲ ಸಲ ಟೆಂಟ್ ಹಾಕುವವರಿಗೆ ಮೊಬೈಲಿನಲ್ಲಿ ಸಲಹೆ ಕೊಡುವವರು ಬಹಳ. ಟಾರ್ಚ್ ಒಯ್ಯಿರಿ, ನೀರು ಒಯ್ಯಿರಿ ಎನ್ನುತ್ತಾರೆ. ಯಾರ ಜೊತೆ ಹೋಗಬಾರದು ಎಂದು ಒಬ್ಬರೂ ಹೇಳುವುದಿಲ್ಲ.

ನನಗೂ ನನ್ನ ಗಂಡನಿಗೂ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ಒಂದು ರಾತ್ರಿ ಹೊರಗಿದ್ದು ಬಂದರೆ ಸರಿಹೋದೀತೆಂದು ನಾನೇ ಟೆಂಟ್ ತರಿಸಿದೆ. ಶಿವರಾತ್ರಿ ಕಳೆದ ಮೇಲೆ, ಕನಕಗಿರಿಯ ಆಚೆ ಪರಿಚಯದವರ ಹೊಲಕ್ಕೆ ಹೋದೆವು. ಹುಲ್ಲಿನಲ್ಲಿ ಚೇಳು ಇದ್ದಾವೆಂದು ಹೆದರಿ, ಹಾಸಿಟ್ಟಂತಿದ್ದ ಬಂಡೆಯನ್ನು ಆರಿಸಿದವಳೂ ನಾನೇ. ಇಂಥದೇ ಬಂಡೆಯ ಮೇಲೆ ಹಪ್ಪಳ, ಸಂಡಿಗೆ ಒಣಗಿಸುತ್ತ ಬೆಳೆದವಳಿಗೆ ಅದು ಎಷ್ಟು ಕಾದಿರುತ್ತದೆಂದು ಹೊಳೆಯಲೇ ಇಲ್ಲ.

"ಗೂಟ ಇಳೀವಲ್ದ್ರಿ," ಎಂದೆ.

"ಕಲ್ಲ ಇಡು," ಎಂದರು. ಬೆಳಗಿನಿಂದ ಅವರು ಆಡಿದ ಮೊದಲ ಮಾತು ಅದು.

ನಾಲ್ಕು ಮೂಲೆಗೂ ಕಲ್ಲು ಹೇರಿದೆವು. ಹೊತ್ತು ಮುಳುಗಿತು, ಗಾಳಿ ತಣ್ಣಗಾಯಿತು, ಬಂಡೆ ಮಾತ್ರ ತಣ್ಣಗಾಗಲಿಲ್ಲ. ಹಗಲೆಲ್ಲ ಕುಡಿದ ಬಿಸಿಲನ್ನು ಚಾಪೆಯ ಕೆಳಗಿನಿಂದ ಉಗುಳತೊಡಗಿತು. ಕಾದ ಹಂಚಿನ ಮೇಲಿನ ರೊಟ್ಟಿಯಂತೆ ಮಗ್ಗುಲು ಬದಲಿಸುತ್ತ ಮಲಗಿದ್ದೆ. ಒಳಗೆ ಎಷ್ಟು ಇಕ್ಕಟ್ಟೆಂದರೆ ಅವರ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು.

"ಕೆಳಗಿಂದ ಭಾಳ ಕಾವು ಬರಾಕತ್ತೈತ್ರಿ," ಎಂದೆ. ಬೈದರೂ ಸಾಕಿತ್ತು ನನಗೆ.

"ಹ್ಞೂಂ," ಎಂದು ಅವರು ಆ ಕಡೆ ಹೊರಳಿದರು.

ಮನೆಯಲ್ಲಿ ನಮಗೆ ಒಂದೊಂದು ಕೋಣೆಯಿದೆ. ನಡುವಿನ ಗೋಡೆಯಿಂದಲೇ ಹೀಗಾಗಿದೆ ಎಂದು ಅಷ್ಟು ವರ್ಷ ನಂಬಿದ್ದೆ. ಅಂದು ನಡುವೆ ಗೋಡೆಯೂ ಇರಲಿಲ್ಲ.